‘ನೋಡೋಣ’ ಅಂದರೆ ಬೇಡ ಅಂತ: ಹೊಕ್ಕೈಡೋದಲ್ಲಿ ಒಬ್ಬ ಮಾರ್ಮನ್ ಹುಡುಗ

(ನಮ್ಮ ಓದುಗರ ಬಳಗದಲ್ಲಿ ಒಂದು ಭಾನುವಾರ ಆಡಿದ ಮಾತು. ಬರೆಯುವಾಗ ಕೆಲವು ಕಡೆ ಕತ್ತರಿಸಿದ್ದೇನೆ, ಅವತ್ತು ಮರೆತದ್ದನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತಿನ ವಿಷಯ ಕೇಳಿ ಒಂದಿಬ್ಬರು ಆಗಲೇ ಹುಬ್ಬೇರಿಸಿದ್ದಾರೆ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ಮಾರ್ಮನ್ನರು ಅಂದರೆ ಅಮೆರಿಕದಲ್ಲಿ ಹುಟ್ಟಿದ ಒಂದು ಕ್ರೈಸ್ತ ಪಂಗಡದವರು. ನಾನು ಮಾರ್ಮನ್ ಅಲ್ಲ, ಆಗುವ ಆಲೋಚನೆಯೂ ಇಲ್ಲ. ಧರ್ಮಪ್ರಚಾರ ಸರಿಯೋ ತಪ್ಪೋ ಅಂತ ತೀರ್ಪು ಕೊಡೋಕೂ ಬಂದಿಲ್ಲ. ಆ ಜಗಳ ಬೇಕಿದ್ದರೆ ಕಾಫಿ ಹೊತ್ತಿಗೆ ಆಡೋಣ. ನನಗೆ ಹೇಳಬೇಕಿರುವುದು ನಮ್ಮ ಪಕ್ಕದ ಮನೆಯ ಹುಡುಗನ ಕಥೆ. ಹದಿನೆಂಟನೇ ವಯಸ್ಸಿಗೆ ಜಪಾನಿಗೆ ಹೋಗಿ, ಎರಡು ವರ್ಷ ಮನೆಮನೆ ಬಾಗಿಲು ತಟ್ಟಿ ಬಂದವನು.

ನಾವು ಕೆಲವು ವರ್ಷ ಅಮೆರಿಕದ ಯೂಟಾ ರಾಜ್ಯದ ಲೀಹೈ ಎಂಬ ಊರಿನಲ್ಲಿದ್ದೆವು. ಸಾಲ್ಟ್ ಲೇಕ್ ಸಿಟಿಗೂ ಪ್ರೊವೊಗೂ ನಡುವೆ ಬರುತ್ತದೆ. ಈಗ ಅಲ್ಲಿ ಸಾಫ್ಟ್‌ವೇರ್ ಕಂಪನಿಗಳು ಸಾಲುಗಟ್ಟಿವೆ, ನಮ್ಮವರೂ ಇದ್ದಾರೆ. ಬೀದಿಯ ಮುಕ್ಕಾಲು ಪಾಲು ಮನೆಗಳು ಮಾರ್ಮನ್ನರವು. ಅಂದ ಹಾಗೆ ‘ಮಾರ್ಮನ್’ ಅನ್ನೋದು ಅಡ್ಡಹೆಸರು. ಅವರ ಪೂರ್ತಿ ಹೆಸರು ‘ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್’. 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಎಂಬಾತ ಕಟ್ಟಿದ್ದು. ದಯವಿಟ್ಟು ಪೂರ್ತಿ ಹೆಸರನ್ನೇ ಬಳಸಿ ಅಂತ 2018ರಲ್ಲಿ ಅವರ ಅಧ್ಯಕ್ಷರು ಕೇಳಿಕೊಂಡರು. ಅವರು ಕೇಳಿದ್ದು ನ್ಯಾಯವೇ. ಆದರೆ ಒಂದು ಗಂಟೆಯ ಮಾತಿನಲ್ಲಿ ಅಷ್ಟುದ್ದದ ಹೆಸರು ನನ್ನ ನಾಲಿಗೆಗೆ ಕಷ್ಟ. ಕ್ಷಮಿಸಬೇಕು.

ನಾವು ತೀರ್ಥಹಳ್ಳಿ ಕಡೆಯವರು. ಮಳೆ ಗೊತ್ತು, ಹಿಮ ಗೊತ್ತಿರಲಿಲ್ಲ. ಅಲ್ಲಿ ಮೊದಲನೇ ಚಳಿಗಾಲದಲ್ಲಿ ಒಂದು ಬೆಳಗ್ಗೆ ಎದ್ದು ನೋಡಿದರೆ ಮೊಣಕಾಲುದ್ದ ಹಿಮ. ಕಾರು ಎಲ್ಲಿದೆ ಅಂತಲೇ ಕಾಣುತ್ತಿಲ್ಲ. ಏನು ಮಾಡೋದು ಅಂತ ಕಿಟಕಿಯಲ್ಲಿ ನಿಂತಿದ್ದೇನೆ, ಪಕ್ಕದ ಮನೆಯ ಹುಡುಗ ಒಂದು ಅಗಲ ಸಲಿಕೆ ಹಿಡಿದು ನಮ್ಮ ಅಂಗಳದ ಹಿಮ ಬಳಿಯುತ್ತಿದ್ದಾನೆ. ಕೇಳಿಲ್ಲ, ಹೇಳಿಲ್ಲ. ನಾನು ಜಾಕೆಟ್ ಹುಡುಕಿ ಹೊರಗೆ ಬರುವಷ್ಟರಲ್ಲಿ ಕೆಲಸ ಮುಗಿಸಿ ಮೂರನೇ ಮನೆಗೆ ಹೋಗಿದ್ದ. ಆಗ ಅವನಿಗೆ ಹದಿಮೂರೋ ಹದಿನಾಲ್ಕೋ. ಆ ಸಲಿಕೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

2016ರ ಚಳಿಗಾಲ ಮುಗಿಯುವ ಹೊತ್ತಿಗೆ ಅವರ ಮನೆಗೊಂದು ದೊಡ್ಡ ಬಿಳಿ ಲಕೋಟೆ ಬಂತು. ಮಿಷನ್‌ಗೆ (ಅಂದರೆ ಈ ಧರ್ಮಪ್ರಚಾರದ ಸೇವೆಗೆ) ಅರ್ಜಿ ಹಾಕಿದವನು ಎಲ್ಲಿಗೆ ಹೋಗಬೇಕು ಅನ್ನೋದನ್ನು ಅವನೂ ಆರಿಸುವಂತಿಲ್ಲ, ಅಪ್ಪ ಅಮ್ಮನೂ ಆರಿಸುವಂತಿಲ್ಲ. ಸಾಲ್ಟ್ ಲೇಕ್ ಸಿಟಿಯಲ್ಲಿರುವ ಚರ್ಚಿನ ಹಿರಿಯರು ನಿರ್ಧರಿಸಿ ಪತ್ರ ಕಳಿಸುತ್ತಾರೆ. ಈಗ ಆನ್‌ಲೈನ್‌ನಲ್ಲಿ ಬರುತ್ತದೆ, ಆಗಿನ್ನೂ ಅಂಚೆ. ಲಕೋಟೆ ಒಡೆಯೋದು ನಮ್ಮ ನಿಶ್ಚಿತಾರ್ಥದಷ್ಟೇ ಗದ್ದಲದ ಕಾರ್ಯಕ್ರಮ. ನೆಂಟರು, ಗೆಳೆಯರು, ನಾವು, ಎಲ್ಲ ಸೇರಿ ನಲವತ್ತು ಜನ. ಗೋಡೆಯ ಮೇಲೆ ಪ್ರಪಂಚದ ನಕ್ಷೆ. ಎಲ್ಲಿಗೆ ಹೋಗುತ್ತಾನೆ ಅಂತ ಊಹಿಸಿ ಒಬ್ಬೊಬ್ಬರೂ ಒಂದೊಂದು ಪಿನ್ನು ಚುಚ್ಚಬೇಕು. ನನ್ನ ಹೆಂಡತಿ ಬೆಂಗಳೂರಿಗೆ ಚುಚ್ಚಿದಳು. ಸುಮ್ನೆ ಅಲ್ಲ, ಬೆಂಗಳೂರಿನಲ್ಲಿ 1993ರಿಂದ ಅವರ ಮಿಷನ್ ಕಚೇರಿ ಇದೆ. ಹುಡುಗ ಎದ್ದು ನಿಂತು ಪತ್ರ ಓದಿದ. ‘ಜಪಾನ್, ಸಪ್ಪೊರೊ ಮಿಷನ್’ ಅನ್ನುವಾಗ ಧ್ವನಿ ಒಡೆಯಿತು. ಅವರಮ್ಮ ಚಪ್ಪಾಳೆ ತಟ್ಟುತ್ತಲೇ ಅಳುತ್ತಿದ್ದರು. ಅವರಪ್ಪ ಫೋನಿನಲ್ಲಿ ಸಪ್ಪೊರೊದ ಹವಾಮಾನ ನೋಡುತ್ತಿದ್ದರು.

ಲೆಕ್ಕಾಚಾರ ಬೇಗ ಹೇಳಿಬಿಡುತ್ತೇನೆ. ಹುಡುಗರಿಗೆ ಎರಡು ವರ್ಷ, ಹುಡುಗಿಯರಿಗೆ ಒಂದೂವರೆ ವರ್ಷ. ಹುಡುಗರು ಹೊರಡುವ ವಯಸ್ಸು ಮುಂಚೆ 19 ಇತ್ತು, 2012ರಲ್ಲಿ 18ಕ್ಕೆ ಇಳಿಸಿದರು. ಸಂಬಳ ಇಲ್ಲ. ಇವನ ಕಾಲದಲ್ಲಿ ತಿಂಗಳಿಗೆ 400 ಡಾಲರ್ ಮನೆಯವರೇ ಕಟ್ಟಬೇಕಿತ್ತು, ಯಾವ ದೇಶಕ್ಕೆ ಹೋದರೂ ಅಷ್ಟೇ. 2020ರಲ್ಲಿ ಅದು 500 ಆಯಿತು. ಇವನು ಬೇಸಿಗೆ ರಜೆಗಳಲ್ಲಿ ಊರವರ ಹುಲ್ಲು ಕತ್ತರಿಸಿ ಅರ್ಧದಷ್ಟು ತಾನೇ ಕೂಡಿಸಿದ್ದ. ಆ ಹೊತ್ತಿಗೆ ಪ್ರಪಂಚದಲ್ಲಿ ಇವನಂಥವರು ಸುಮಾರು 70,000 ಜನ ಓಡಾಡುತ್ತಿದ್ದರು.

ಪ್ರೊವೊದಲ್ಲಿ ತರಬೇತಿ ಕೇಂದ್ರ ಇದೆ. ಭಾಷೆ ಕಲಿಯಬೇಕಿಲ್ಲದವರು ಎರಡು ಮೂರು ವಾರದಲ್ಲಿ ಹೊರಬೀಳುತ್ತಾರೆ. ಜಪಾನೀಸ್‌ಗೆ ಒಂಬತ್ತು ವಾರ. ಮನೆಯಿಂದ ಅರ್ಧ ಗಂಟೆ ದಾರಿ, ಆದರೂ ಒಮ್ಮೆ ಒಳಗೆ ಹೋದ ಮೇಲೆ ಮುಗಿಯಿತು. ಬೀಳ್ಕೊಡುಗೆಗೂ ಸಮಯ ಇಲ್ಲ. ಕಾರು ನಿಲ್ಲಿಸು, ಸೂಟ್‌ಕೇಸ್ ಇಳಿಸು, ಒಮ್ಮೆ ತಬ್ಬಿಕೋ, ಹಿಂದೆ ಇನ್ನೊಂದು ಕಾರು ಕಾಯುತ್ತಿದೆ. ಕೋಟಿನ ಜೇಬಿಗೆ ಕಪ್ಪು ಹೆಸರುಪಟ್ಟಿ ಸಿಕ್ಕಿಸಿದ ಕ್ಷಣದಿಂದ ಅವನ ಹೆಸರು ಹೋಯಿತು. ಇನ್ನು ಎರಡು ವರ್ಷ ಅವನು ‘ಎಲ್ಡರ್’ ಇಂಥವನು. ಎಲ್ಡರ್ ಅಂದರೆ ಹಿರಿಯ. ಜಪಾನಿನಲ್ಲಿ ಅದನ್ನೇ ‘ಚೋರೋ’ ಅಂತಾರಂತೆ. ಮೀಸೆ ಸರಿಯಾಗಿ ಚಿಗುರದವನನ್ನು ಎಂಬತ್ತರ ಅಜ್ಜಿಯರು ‘ಹಿರಿಯರೇ’ ಅಂತ ಕರೆಯೋದನ್ನು ಊಹಿಸಿಕೊಳ್ಳಿ!

ವಾರಕ್ಕೊಂದು ದಿನ ಬಿಡುವು. ಇವನಿಗೆ ಸೋಮವಾರ. ಬಟ್ಟೆ ಒಗೆಯೋದು, ದಿನಸಿ ತರೋದು, ಕ್ಷೌರ, ಮತ್ತೆ ಮನೆಗೆ ಇಮೇಲ್. ಜಪಾನಿನ ಸೋಮವಾರ ಬೆಳಗ್ಗೆ ಅಂದರೆ ನಮಗೆ ಭಾನುವಾರ ಸಂಜೆ. ಇಮೇಲ್ ಪಟ್ಟಿಗೆ ಅವರಮ್ಮ ನಮ್ಮನ್ನೂ ಸೇರಿಸಿದ್ದರು. ನಾನು ಇವತ್ತು ಹೇಳುತ್ತಿರೋದರಲ್ಲಿ ಅರ್ಧ ಅದರಿಂದ ಬಂದದ್ದು. ಇನ್ನರ್ಧ ಅವನು ವಾಪಸ್ ಬಂದ ಮೇಲೆ ನಮ್ಮ ಮೆಟ್ಟಿಲ ಮೇಲೆ ಕೂತು ಹೇಳಿದ್ದು. ಈ ಎರಡಕ್ಕೂ ತುಂಬಾ ವ್ಯತ್ಯಾಸ ಇತ್ತು. ಇಮೇಲ್‌ಗಳಲ್ಲಿ ಎಲ್ಲ ಚೆನ್ನಾಗಿತ್ತು. ನಾವು ಹಾಸ್ಟೆಲ್‌ನಿಂದ ಮನೆಗೆ ಬರೆಯುತ್ತಿದ್ದೆವಲ್ಲ, ಹಾಗೆ.

ಬೆಳಗ್ಗೆ ಆರೂವರೆಗೆ ಏಳಬೇಕು. ಅರ್ಧ ಗಂಟೆ ವ್ಯಾಯಾಮ, ತಿಂಡಿ, ಎಂಟರಿಂದ ಓದು. ಹತ್ತಕ್ಕೆ ಮನೆ ಬಿಟ್ಟರೆ ರಾತ್ರಿ ಒಂಬತ್ತರವರೆಗೂ ಹೊರಗೆ. ಹತ್ತೂವರೆಗೆ ದೀಪ ಆರಬೇಕು. ಸಿನಿಮಾ ಇಲ್ಲ, ಟಿವಿ ಇಲ್ಲ, ಹುಡುಗಿಯರ ಜೊತೆ ಓಡಾಟ ಇಲ್ಲ, ಈಜೂ ಇಲ್ಲ. ಬಿಳಿ ಶರ್ಟು, ಟೈ, ಸೈಕಲ್ಲು, ತಲೆಗೆ ಹೆಲ್ಮೆಟ್. ವಾರದ ಕೊನೆಗೆ ಎಷ್ಟು ಜನರ ಜೊತೆ ಮಾತಾಡಿದಿರಿ, ಎಷ್ಟು ಪಾಠ ಮಾಡಿದಿರಿ ಅಂತ ಅಂಕಿ ಅಂಶ ಮೇಲಿನವರಿಗೆ ಒಪ್ಪಿಸಬೇಕು. ನಮ್ಮ ಸೇಲ್ಸ್ ಹುಡುಗರು ಟಾರ್ಗೆಟ್ ಅಂತಾರಲ್ಲ, ಅದೇ. ಆ ಪದ ಬಳಸಿದ್ದಕ್ಕೆ ಅವನು ಬೇಜಾರು ಮಾಡಿಕೊಂಡ. ಆದರೆ ಇಲ್ಲ ಅನ್ನಲಿಲ್ಲ.

ಮೊದಲ ಊರು ಅಸಾಹಿಕಾವಾ. ಸಪ್ಪೊರೊ ಇರುವ, ಜಪಾನಿನ ಉತ್ತರದ ಹೊಕ್ಕೈಡೋ ದ್ವೀಪದ ನಡುಮಧ್ಯ. ಜಪಾನಿನಲ್ಲಿ ಅಧಿಕೃತವಾಗಿ ದಾಖಲಾದ ಅತಿ ಕಡಿಮೆ ಉಷ್ಣಾಂಶ ಈ ಊರಿನದೇ, 1902ರ ಜನವರಿ 25ರಂದು ಮೈನಸ್ 41 ಡಿಗ್ರಿ. ಹಿಮ ಬಿದ್ದ ಮೇಲೆ ಸೈಕಲ್ಲು ಮೂಲೆ ಸೇರಿತು, ನಡಿಗೆಯೇ ಗತಿ.

ಕಷ್ಟ ಅಂದರೆ ಬಾಗಿಲು ಮುಖಕ್ಕೆ ಬಡಿಯೋದು ಅಂತ ನಾನು ಅಂದುಕೊಂಡಿದ್ದೆ. ಅಲ್ಲವಂತೆ. ಜಪಾನಿನಲ್ಲಿ ಬಾಗಿಲು ಬಡಿಯುವವರು ಕಡಿಮೆ. ಇಂಟರ್‌ಕಾಮ್‌ನಲ್ಲಿ ಮೆತ್ತಗೆ ‘ಕೆಕ್ಕೋ ದೆಸ್’ ಅಂತಾರೆ. ಪಾಠದಲ್ಲಿ ಕಲಿತಂತೆ ಅದರ ಅರ್ಥ ‘ಚೆನ್ನಾಗಿದೆ’. ಇವನು ಮೊದಲನೇ ವಾರ ಅದನ್ನು ಕೇಳಿ ಬಾಗಿಲು ತೆರೆಯುತ್ತದೆ ಅಂತ ನಗುತ್ತಾ ನಿಂತನಂತೆ. ಜೊತೆಗಾರ ತೋಳು ಹಿಡಿದು ಎಳೆದ. ಬಾಗಿಲಲ್ಲಿ ಹಾಗಂದರೆ ‘ನಮಗೇನೂ ಬೇಡ, ಹೊರಡಿ’ ಅಂತ. ‘ಕಂಗಾಯೆತೆ ಒಕಿಮಸ್’ ಅಂದರೆ ಆಲೋಚನೆ ಮಾಡಿರುತ್ತೇನೆ ಅಂತ. ಅಂದರೆ ಬೇಡ. ‘ಮತಾ ಕೊಂದೊ’ ಅಂದರೆ ಮತ್ತೆ ಇನ್ನೊಂದು ಸಲ. ಅಂದರೂ ಬೇಡ. ಮೊದಲ ತಿಂಗಳ ಇಮೇಲ್ ಒಂದರಲ್ಲಿ, ಒಬ್ಬರು ಆಲೋಚನೆ ಮಾಡುತ್ತೇನೆ ಅಂದರು, ಮೂವರು ಮತ್ತೆ ಬನ್ನಿ ಅಂದರು ಅಂತ ಕುಣಿದಾಡಿ ಬರೆದಿದ್ದ. ಇಡೀ ಬೀದಿ ಖುಷಿಪಟ್ಟಿತ್ತು. ಡಿಸೆಂಬರ್ ಹೊತ್ತಿಗೆ ಅಂಥ ಸಾಲುಗಳು ನಿಂತುಹೋದವು. ಅವನಿಗೆ ಭಾಷೆ ಬಂದಿತ್ತು.

ನನಗೆ ಇದನ್ನು ಓದಿ ನಗುವೂ ಬಂತು, ನಾಚಿಕೆಯೂ ಆಯಿತು. ಯಾಕೆಂದರೆ ನಮ್ಮಲ್ಲೂ ಇದೇ ಅಲ್ವಾ? ಮದುವೆಗೆ ಕರೆದರೆ ಬರಲ್ಲ ಅನ್ನುತ್ತೇವಾ? ‘ನೋಡೋಣ’ ಅನ್ನುತ್ತೇವೆ. ಸಾಲ ಕೇಳಿದರೆ, ಸಂಬಂಧ ಕೇಳಿದರೆ, ‘ಹೇಳಿ ಕಳಿಸುತ್ತೇವೆ’. ಲೀಹೈಯಲ್ಲಿ ನಮ್ಮ ಮನೆಗೂ ಇಬ್ಬರು ಮಿಷನರಿ ಹುಡುಗಿಯರು ಬಂದಿದ್ದರು. ಪಾಪ, ದೂರದಿಂದ ಬಂದ ಮಕ್ಕಳು. ನಾನು ನಮ್ಮ ಅಭ್ಯಾಸದಂತೆ ನೋಡೋಣ, ಮುಂದಿನ ವಾರ ನೋಡೋಣ ಅಂದೆ. ಅವರು ಮುಂದಿನ ವಾರ ಬಂದರು. ಅದರ ಮುಂದಿನ ವಾರವೂ ಬಂದರು. ಹೀಗೆ ಎರಡು ತಿಂಗಳು. ಕೊನೆಗೆ ಬೆಲ್ ಆದರೆ ನಾನು ಅಡುಗೆಮನೆಯಲ್ಲಿ ಉಸಿರು ಬಿಗಿಹಿಡಿದು ಕೂರುವ ಮಟ್ಟಕ್ಕೆ ಬಂತು. ಆ ಹುಡುಗಿಯರ ಎರಡು ತಿಂಗಳ ಲೆಕ್ಕದ ಪಟ್ಟಿಯಲ್ಲಿ ನನ್ನ ಹೆಸರು ಆಸಕ್ತರ ಕಾಲಂನಲ್ಲಿ ಇದ್ದಿರಬೇಕು. ಒಂದು ಸಲ ಬೇಡ ತಾಯಿ ಅಂದಿದ್ದರೆ ಅವರ ಎಷ್ಟು ಸಂಜೆ ಉಳಿಯುತ್ತಿತ್ತು.

ಇನ್ನೊಂದು ತಮಾಷೆ ಇದೆ. ದಿನವೆಲ್ಲ ಬೇಡ ಅನ್ನಿಸಿಕೊಳ್ಳುವವನು, ಅಪ್ಪಿತಪ್ಪಿ ಒಳಗೆ ಕರೆದ ಮನೆಯಲ್ಲಿ ತಾನೇ ಮೊದಲು ಬೇಡ ಅನ್ನಬೇಕು. ಮಾರ್ಮನ್ನರು ಕಾಫಿ, ಟೀ ಕುಡಿಯೋದಿಲ್ಲ. 1833ರಿಂದ ಬಂದ ನಿಯಮ, ಹೆಂಡ ತಂಬಾಕೂ ನಿಷಿದ್ಧ. ಜಪಾನಿನ ಮನೆಯಲ್ಲಿ ಅತಿಥಿ ಕೂರುವ ಮೊದಲೇ ಹಸಿರು ಟೀ ಬರುತ್ತದೆ. ಅದನ್ನು ಮುಟ್ಟದೆ ಕೂರೋದು ಎಂಥ ಅವಮಾನ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮ ಮನೆಯಲ್ಲಿ ಹೀಗೇ ಆಗಿತ್ತು. ಅವನು ಚಿಕ್ಕವನಿದ್ದಾಗ ನನ್ನ ಹೆಂಡತಿ ಫಿಲ್ಟರ್ ಕಾಫಿ ಕೊಡಲು ಹೋಗಿ, ಅವನು ಕೆಂಪಾಗಿ, “ಆಂಟಿ, ಹಾಲು ಮಾತ್ರ” ಅಂದಿದ್ದ. ಅಸಾಹಿಕಾವಾದಲ್ಲಿ ಜಪಾನೀ ಜೊತೆಗಾರ ಒಂದು ಉಪಾಯ ಹೇಳಿಕೊಟ್ಟ. ಚಪ್ಪಲಿ ಬಿಡುವ ಜಾಗದಲ್ಲೇ, ಒಳಗೆ ಕಾಲಿಡುವ ಮೊದಲೇ, ಬಾಯಾರಿಕೆ ಆಗಿದೆ, ಮುಗಿಚಾ ಇದ್ದರೆ ಕೊಡುತ್ತೀರಾ ಅಂತ ಕೇಳಿಬಿಡು. ಮುಗಿಚಾ ಅಂದರೆ ಹುರಿದ ಬಾರ್ಲಿಯ ಕಷಾಯ, ಅದಕ್ಕೆ ಅಡ್ಡಿಯಿಲ್ಲ. ಕೇಳಿ ಪಡೆದರೆ ಸಲಿಗೆ, ಕೊಟ್ಟದ್ದು ಬೇಡ ಅಂದರೆ ಅವಮಾನ. ಇಷ್ಟು ಸೂಕ್ಷ್ಮವನ್ನು ಒಂಬತ್ತು ವಾರದಲ್ಲಿ ಯಾರು ಕಲಿಸುತ್ತಾರೆ?

ಜೊತೆಗಾರ ಅಂದೆನಲ್ಲ, ಅದೇ ಈ ಬದುಕಿನ ಅತಿ ಕಷ್ಟದ ಭಾಗ ಅಂತ ನನ್ನ ಅನಿಸಿಕೆ. ಮಿಷನರಿ ಒಬ್ಬನೇ ಇರುವಂತಿಲ್ಲ. ಸ್ನಾನದ ಮನೆ ಬಿಟ್ಟರೆ ಇಪ್ಪತ್ನಾಲ್ಕು ಗಂಟೆಯೂ ಇನ್ನೊಬ್ಬನ ಕಣ್ಣೆದುರು. ಆ ಇನ್ನೊಬ್ಬನನ್ನು ನೀನು ಆರಿಸಿಲ್ಲ. ಆರು ವಾರಕ್ಕೊಮ್ಮೆ ವರ್ಗಾವಣೆ ಪಟ್ಟಿ ಬರುತ್ತದೆ, ಅದರಲ್ಲಿ ಹೆಸರಿದ್ದರೆ ಊರೋ ಜೊತೆಗಾರನೋ ಬದಲು. ಇಲ್ಲದಿದ್ದರೆ ಮತ್ತೆ ಆರು ವಾರ ಅದೇ ಮುಖ, ಅದೇ ಗೊರಕೆ.

ಹೊಕ್ಕೈಡೋದಲ್ಲಿ ‘ಮಿಜುನುಕಿ’ ಅಂತ ಒಂದು ಕೆಲಸ ಇದೆ. ತೀರಾ ಚಳಿಯ ರಾತ್ರಿ ಮಲಗುವ ಮುಂಚೆ ಮನೆಯ ನೀರಿನ ಮೇನ್ ಮುಚ್ಚಿ, ಪೈಪಿನಲ್ಲಿ ಉಳಿದ ನೀರನ್ನೆಲ್ಲ ಇಳಿಸಿಬಿಡಬೇಕು. ಮರೆತರೆ ನೀರು ಒಳಗೇ ಹೆಪ್ಪುಗಟ್ಟಿ ಪೈಪ್ ಒಡೆಯುತ್ತದೆ. ಜನವರಿಯ ಒಂದು ರಾತ್ರಿ ಅದು ಇವನ ಸರದಿ. ದಿನವಿಡೀ ನಡೆದು ಬಂದು ಕೋಟು ಬಿಚ್ಚದೆ ಮಲಗಿಬಿಟ್ಟ. ಬೆಳಗ್ಗೆ ನಲ್ಲಿ ತಿರುಗಿಸಿದರೆ ಏನೂ ಇಲ್ಲ. ಮಧ್ಯಾಹ್ನ ಪೈಪಿನೊಳಗಿನ ಮಂಜುಗಡ್ಡೆ ಕರಗತೊಡಗಿದಾಗ ಗೋಡೆಯೊಳಗಿಂದ ಸಣ್ಣಗೆ ಸದ್ದು, ಆಮೇಲೆ ಅಡುಗೆಮನೆಯ ನೆಲದ ತುಂಬಾ ನೀರು. ಕೆಳಗಿನ ಮನೆಯ ಚಾವಣಿಗೂ ಇಳಿಯಿತು. ಇಬ್ಬರೂ ಹೋಗಿ ತಲೆ ಬಾಗಿಸಿ ಕ್ಷಮೆ ಕೇಳಿದರು. ತಪ್ಪು ಒಬ್ಬನದು, ಬಗ್ಗಿದ್ದು ಇಬ್ಬರು. ಜೊತೆಗಾರ ಒಂದೂ ಗದರಲಿಲ್ಲ. ಮಾತೇ ಆಡಲಿಲ್ಲ, ಎರಡು ದಿನ. ಒಂದೇ ಕೋಣೆ, ಒಂದೇ ಸೀಮೆಎಣ್ಣೆ ಸ್ಟವ್, ಒಟ್ಟಿಗೆ ಮಂಡಿಯೂರಿ ಪ್ರಾರ್ಥನೆ, ಮಾತು ಮಾತ್ರ ಇಲ್ಲ. “ಮನೆಗೆ ವಾಪಸ್ ಹೋಗಿಬಿಡಬೇಕು ಅನ್ನಿಸಿದ್ದು ಅವತ್ತು ಮಾತ್ರ” ಅಂತ ಹೇಳಿದ. ಆ ವಾರದ ಇಮೇಲ್ ನನಗೆ ನೆನಪಿದೆ. ಸ್ನೋಮ್ಯಾನ್ ಪಕ್ಕ ನಿಂತ ಫೋಟೋ ಇತ್ತು.

ಮನೆಗೆ ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀರಿ. ಆಗ ವರ್ಷಕ್ಕೆ ಎರಡೇ ಸಲ. ಕ್ರಿಸ್‌ಮಸ್, ಮತ್ತೆ ಅಮ್ಮಂದಿರ ದಿನ. ಮೊದಲ ಕ್ರಿಸ್‌ಮಸ್ ಕರೆಗೆ ನಮ್ಮನ್ನೂ ಐದು ನಿಮಿಷ ಕರೆದಿದ್ದರು. ಹದಿನಾರು ಗಂಟೆ ವ್ಯತ್ಯಾಸ, ಅಲ್ಲಿ ಹಬ್ಬದ ಬೆಳಗ್ಗೆ, ಇಲ್ಲಿ ಹಿಂದಿನ ದಿನದ ಸಂಜೆ. ಹುಡುಗ ಮಾತಿನ ಮಧ್ಯೆ ನಿಂತ. ಇಂಗ್ಲಿಷ್ ಪದ ಸಿಗದೆ ‘ಅನೋ... ಅನೋ...’ ಅಂತ ತಡವರಿಸಿದ. ಎಲ್ಲರೂ ನಕ್ಕರು. ಅವರಮ್ಮ ನಗಲಿಲ್ಲ. 2019ರ ಫೆಬ್ರವರಿಯಲ್ಲಿ ನಿಯಮ ಬದಲಾಯಿತು, ಈಗ ವಾರಕ್ಕೊಮ್ಮೆ ಮನೆಗೆ ಮಾತಾಡಬಹುದು. ಇವನು ವಾಪಸ್ ಬಂದು ಏಳು ತಿಂಗಳಾಗಿತ್ತು. ಸುದ್ದಿ ಕೇಳಿದ ದಿನ ಅವರಮ್ಮ ನಮ್ಮ ಮನೆಗೆ ಬಂದು ಸುಮ್ಮನೆ ಕೂತಿದ್ದರು. ಸಂತೋಷವೋ ಸಿಟ್ಟೋ ತಿಳಿಯಲಿಲ್ಲ.

ಅದೇ ಬೀದಿಯ ಇನ್ನೊಬ್ಬ ಹುಡುಗನ ವಿಷಯವನ್ನೂ ಹೇಳದಿದ್ದರೆ ಇದು ಅರ್ಧ ಸತ್ಯ ಆಗುತ್ತದೆ. ಅವನು ಬೇರೆ ದೇಶಕ್ಕೆ ಹೋಗಿದ್ದ. ಐದನೇ ತಿಂಗಳಿಗೆ ವಾಪಸ್ ಬಂದ. ನಿದ್ದೆ ಬರುತ್ತಿರಲಿಲ್ಲ, ಬಾಗಿಲ ಮುಂದೆ ನಿಂತರೆ ಕೈ ನಡುಗುತ್ತಿತ್ತು ಅಂತ ಆಮೇಲೆ ಗೊತ್ತಾಯಿತು. ಎರಡು ವರ್ಷ ಮುಗಿಸಿ ಬರುವವರಿಗೆ ಸಾಲ್ಟ್ ಲೇಕ್ ವಿಮಾನ ನಿಲ್ದಾಣದಲ್ಲಿ ಬ್ಯಾನರು, ಬಲೂನು, ಅಜ್ಜಿ ತಾತ ಸಮೇತ ಮೆರವಣಿಗೆ. ಇವನನ್ನು ಅಪ್ಪ ಒಬ್ಬರೇ ಹೋಗಿ ಕರೆತಂದರು. ಜನ ಕೆಟ್ಟವರಲ್ಲ. ಏನು ಮಾತಾಡಬೇಕು ಅಂತ ಗೊತ್ತಾಗದೆ ರಸ್ತೆಯ ಆ ಬದಿಗೆ ದಾಟುತ್ತಿದ್ದರು, ಅಷ್ಟೇ. ನಾನೂ ಒಮ್ಮೆ ದಾಟಿದ್ದೇನೆ. ಈಗ ಚರ್ಚಿನವರೂ ಈ ಬಗ್ಗೆ ಬಾಯಿಬಿಟ್ಟು ಮಾತಾಡುತ್ತಾರೆ, ಆಪ್ತಸಮಾಲೋಚಕರ ನೆರವಿದೆ, ಸ್ವಂತ ಊರಿನಲ್ಲೇ ಸೇವೆ ಮಾಡುವ ದಾರಿಯೂ ಇದೆ. ಆದರೆ ಹದಿನೆಂಟರ ಹುಡುಗನಿಗೆ ಇಡೀ ಬೀದಿಯ ನಿರೀಕ್ಷೆ ಹೊರಿಸಿ ಕಳಿಸುವ ಪದ್ಧತಿ ನನಗೆ ಇವತ್ತಿಗೂ ಪೂರ್ತಿ ಒಪ್ಪಿಗೆಯಿಲ್ಲ. ಇದನ್ನು ನಮ್ಮ ಪಕ್ಕದ ಮನೆಯ ಹುಡುಗನ ತಂದೆಗೂ ಹೇಳಿದ್ದೇನೆ. ಅವರು ಕೇಳಿಸಿಕೊಂಡು, ನಿಮ್ಮಲ್ಲಿ ಐಐಟಿ ಕೋಚಿಂಗ್‌ಗೆ ಅಂತ ಮಕ್ಕಳನ್ನು ದೂರದ ಊರಿಗೆ ಕಳಿಸುತ್ತೀರಲ್ಲ ಅಂದರು. ನನ್ನಲ್ಲಿ ಉತ್ತರ ಇರಲಿಲ್ಲ.

ಜಪಾನಿಗೆ ಮಾರ್ಮನ್ ಮಿಷನರಿಗಳು ಮೊದಲು ಹೋದದ್ದು 1901ರ ಆಗಸ್ಟ್‌ನಲ್ಲಿ. ಯೊಕೊಹಾಮಾದಲ್ಲಿ ಇಳಿದ ನಾಲ್ವರಲ್ಲಿ ಆಲ್ಮಾ ಟೇಲರ್ ಎಂಬವನಿಗೆ ಆಗಷ್ಟೇ ಹತ್ತೊಂಬತ್ತು ತುಂಬಿತ್ತು. ಅವನಿಗೆ ಒಂಬತ್ತು ವಾರದ ತರಗತಿಯೂ ಇರಲಿಲ್ಲ, ಎರಡು ವರ್ಷದ ಮಿತಿಯೂ ಇರಲಿಲ್ಲ. ಎಂಟು ವರ್ಷದ ಮೇಲೆ ಉಳಿದ, ಅವರ ಗ್ರಂಥವನ್ನು ಜಪಾನೀಸ್‌ಗೆ ಅನುವಾದಿಸಿದ. 1909ರಲ್ಲಿ ಅದು ಅಚ್ಚಾಯಿತು. ನಮಗೆ ಕೂಡಲೇ ಕಿಟೆಲ್ ನೆನಪಾಗುತ್ತಾರೆ, 1853ರಲ್ಲಿ ಇಪ್ಪತ್ತೊಂದರ ಹರೆಯದಲ್ಲಿ ಬಂದು 1894ರಲ್ಲಿ ನಿಘಂಟು ಕೊಟ್ಟವರು. ಹೋಲಿಕೆ ಅಷ್ಟಕ್ಕೇ ನಿಲ್ಲಲಿ, ಟೇಲರ್ ನಿಘಂಟು ಬರೆಯಲಿಲ್ಲ. ಅಷ್ಟೆಲ್ಲ ಮಾಡಿದರೂ 1924ರಲ್ಲಿ ಜಪಾನ್ ಮಿಷನ್ ಮುಚ್ಚಬೇಕಾಯಿತು. 23 ವರ್ಷದಲ್ಲಿ ಸೇರಿದವರು ಇನ್ನೂರನ್ನೂ ಮುಟ್ಟಿರಲಿಲ್ಲ. ಮತ್ತೆ ತೆರೆದದ್ದು ಯುದ್ಧ ಮುಗಿದ ಮೇಲೆ, 1948ರಲ್ಲಿ. ಪೈಪು ಒಡೆದ ವಾರ ಯಾರೋ ಇದನ್ನು ನಮ್ಮ ಹುಡುಗನಿಗೆ ಹೇಳಿ ಸಮಾಧಾನ ಮಾಡಿದರಂತೆ. ಇನ್ನಷ್ಟು ದುಃಖ ಆಯಿತು ಅಂದ.

ಅವನನ್ನು ಆ ಚಳಿಗಾಲ ದಾಟಿಸಿದ್ದು ಸಲಿಕೆ. ಪೈಪು ಒಡೆದ ಮೂರನೇ ದಿನ, ಯಾವ ಬಾಗಿಲನ್ನೂ ತಟ್ಟುವ ಮನಸ್ಸಿಲ್ಲದೆ ಇಬ್ಬರೂ ನಡೆಯುತ್ತಿದ್ದರು. ಒಂದು ಹಳೇ ಮನೆಯ ಮುಂದೆ ಒಬ್ಬ ಅಜ್ಜಿ ಹಿಮ ಬಳಿಯುತ್ತಿದ್ದರು. ಇವನು ಕೇಳಲಿಲ್ಲ, ಹೇಳಲಿಲ್ಲ. ಗೋಡೆಗೆ ಒರಗಿಸಿದ್ದ ಇನ್ನೊಂದು ಸಲಿಕೆ ಎತ್ತಿಕೊಂಡ. ಈ ಒಂದು ಕೆಲಸ ಜೊತೆಗಾರನಿಗಿಂತ ಇವನಿಗೆ ಚೆನ್ನಾಗಿ ಬರುತ್ತಿತ್ತು, ಅವನು ಹಿಮ ಬೀಳದ ಓಕಿನಾವಾದವನು. ಅರ್ಧ ಗಂಟೆ ಆದ ಮೇಲೆ ಜೊತೆಗಾರ “ಹೀಗೆ ಹಿಡಿಯಬೇಕಾ?” ಅಂತ ಕೇಳಿದ. ಎರಡು ದಿನದ ಮೌನದ ನಂತರದ ಮೊದಲ ಮಾತು. ಅಜ್ಜಿ ಬಿಸಿ ಮುಗಿಚಾ ತಂದರು. ಇವರು ಚರ್ಚಿನ ಮಾತು ಎತ್ತಿದಾಗ ನಕ್ಕು, “ಮತಾ ಕೊಂದೊ” ಅಂದರು. ಆಮೇಲೆ ಮಾರ್ಚ್‌ವರೆಗೂ ವಾರಕ್ಕೆರಡು ಸಲ ಹೋದರು. ಪ್ರತಿ ಸಲವೂ ಹಿಮ, ಮುಗಿಚಾ, ಮತಾ ಕೊಂದೊ. ಆ ಅಜ್ಜಿ ಒಂದು ದಿನವೂ ಚರ್ಚಿಗೆ ಬರಲಿಲ್ಲ.

ಎರಡು ವರ್ಷದಲ್ಲಿ ಎಷ್ಟು ಜನರನ್ನು ಸೇರಿಸಿದೆ ಅಂತ ನಾನು ನೇರವಾಗಿ ಕೇಳಿದ್ದೇನೆ. ಎರಡು ಬೆರಳು ತೋರಿಸಿದ. ಸ್ವಲ್ಪ ಹೊತ್ತು ಬಿಟ್ಟು ಒಂದನ್ನು ಮಡಿಚಿದ. ಒಬ್ಬರು ಬರೋದು ನಿಲ್ಲಿಸಿದ್ದರು.

ಈಗ ಅವನಿಗೆ ಮದುವೆಯಾಗಿದೆ. ಕಳೆದ ಸಲ ಯೂಟಾಕ್ಕೆ ಹೋದಾಗ ಅವನ ಮನೆಗೆ ಹೋಗಿದ್ದೆವು. ಫ್ರಿಜ್ಜಿನ ಬಾಗಿಲಿಗೆ ಮ್ಯಾಗ್ನೆಟ್ ಇಟ್ಟು ನಾಲ್ಕೈದು ಹೊಸವರ್ಷದ ಕಾರ್ಡು ಅಂಟಿಸಿದ್ದ. ಜಪಾನಿನಲ್ಲಿ ಜನವರಿ ಒಂದಕ್ಕೆ ಇಂಥ ಕಾರ್ಡು ಕಳಿಸುವ ರೂಢಿ. ಎಲ್ಲವೂ ಆ ಅಜ್ಜಿಯವೇ, ವರ್ಷಕ್ಕೊಂದು. ಹೊಸದನ್ನು ತೆಗೆದು ಓದಿ ಹೇಳಿದ. ಮೊಣಕಾಲು ನೋವು. ಈ ವರ್ಷ ಹಿಮ ಜಾಸ್ತಿ. ಪಕ್ಕದ ಮನೆಯವರು ಮಷೀನ್ ತಂದಿದ್ದಾರೆ, ಆದರೆ ಮೆಟ್ಟಿಲ ಹತ್ತಿರದ್ದು ಅದಕ್ಕೆ ಬಳಿಯಲು ಬರೋದಿಲ್ಲ.